ಗೆದ್ದಲಿನ ದಯೆಯಿಂದ ಬ್ಯಾಂಕಾಕಿಗೆ

ಪರದೇಶಕ್ಕೆ ಹೋಗುವ ಯೋಗ ಕೆಲವರಿಗೆ ವಿದ್ಯೆಯಿಂದ ಬರುತ್ತದೆ, ಕೆಲವರಿಗೆ ಮಕ್ಕಳಿಂದ ಬರುತ್ತದೆ. ನನಗೆ ಗೆದ್ದಲಿನಿಂದ ಬಂತು. ಇದನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ಸಂಕೋಚವೇ. ಆದರೂ ಪಾಸ್‌ಪೋರ್ಟಿನಲ್ಲಿ ಬಿದ್ದ ಆ ಒಂದೇ ಮುದ್ರೆ ಯಾರ ಪುಣ್ಯ ಎಂದು ಕೇಳಿದರೆ ನಿಜ ಹೇಳಲೇಬೇಕಾಗುತ್ತದೆ. ತಮಿಳು ಸೀಮೆಯ ಓಮಲೂರಿನಲ್ಲಿ ನನ್ನದೊಂದು ಅಂಗಡಿಯಿದೆ. ಬೀಜ, ಗೊಬ್ಬರ, ಹುಳ ಕೊಲ್ಲುವ ಔಷಧಿ ಮಾರುತ್ತೇನೆ. ಮನೆಯಲ್ಲಿ ಕನ್ನಡ, ಹೆಚ್ಚಿನ ಗಿರಾಕಿಗಳ ಜೊತೆ ತಮಿಳು, ಬಿಲ್ಲಿನಲ್ಲಿ ಇಂಗ್ಲಿಷ್, ಹೀಗೆ ಮೂರು ಭಾಷೆಗಳಲ್ಲಿ ಹುಳ ಕೊಲ್ಲಿಸುತ್ತ ಬಂದವನು ನಾನು. ಸೋದರಮಾವ ಹೊಸೂರಿನಲ್ಲಿದ್ದುದರಿಂದ ಅವರ ಮನೆಯಲ್ಲಿದ್ದು ಓದಿದೆ, ಕನ್ನಡದ ನಾಲ್ಕಕ್ಷರವೂ ಬಂತು. ಅದರ ಫಲವನ್ನು ನೀವು ಈಗ ಅನುಭವಿಸುತ್ತಿದ್ದೀರಿ.

ನನಗೆ ಮಾಲು ಕಳಿಸುವ ಕಂಪನಿಯವರಲ್ಲಿ ಒಂದು ಪದ್ಧತಿ ಇದೆ. ಗೆದ್ದಲಿನ ಮದ್ದನ್ನು ಯಾವ ಯಾವ ಅಂಗಡಿಯವರು ಹೆಚ್ಚು ಮಾರುತ್ತಾರೋ ಅವರನ್ನೆಲ್ಲ ಹೆಂಡತಿ ಸಮೇತ ವಿಮಾನ ಹತ್ತಿಸುತ್ತಾರೆ. ಆ ವರ್ಷ ನಮ್ಮ ಸುತ್ತಿನ ಕಡಲೆಕಾಯಿ ಹೊಲಗಳಿಗೆ ಗೆದ್ದಲು ಬಿದ್ದು ರೈತರು ತಲೆಯ ಮೇಲೆ ಕೈಹೊತ್ತು ಬಂದಾಗ ನಾನು ಅವರ ಎದುರು ಬಹಳ ವ್ಯಸನದ ಮುಖ ಮಾಡಿಕೊಂಡೇ ಡಬ್ಬ ತೆಗೆದುಕೊಟ್ಟೆ. ವ್ಯಸನ ನಿಜವಾದದ್ದೇ. ಆದರೆ ಅವರು ಮೆಟ್ಟಿಲಿಳಿದ ಮೇಲೆ ಮನಸ್ಸಿನೊಳಗೆ ಒಂದು ವಿಮಾನ ಸ್ವಲ್ಪ ಸ್ವಲ್ಪವೇ ಮೇಲೇಳುತ್ತಿತ್ತು. ಕೊನೆಗೆ ಕಂಪನಿಯ ಆಫೀಸರ್ ಫೋನ್ ಮಾಡಿ ‘ಕಂಗ್ರಾಟ್ಸ್ ಸಾರ್, ಬ್ಯಾಂಕಾಕ್’ ಅಂದ.

ಸುದ್ದಿ ಟೀ ಅಂಗಡಿಗೆ ನನಗಿಂತ ಮೊದಲೇ ಹೋಗಿತ್ತು. ‘ಅಲ್ಲೆಲ್ಲಾ ಆವು ಚೇಳು ಕರ್ದು ಮಾರ್ತಾರಂತಲ್ಲೋ ಮಾದೇಶಾ, ನೀನೇನ್ಲಾ ಮಾಡ್ತೀಯಾ?’ ಅಂದ ಒಬ್ಬ. ಅಂಥ ಸಮಯದಲ್ಲಿ ಸುಮ್ಮನಿರುವ ಜಾಣತನ ನನಗೆ ಮೊದಲಿನಿಂದಲೂ ಇಲ್ಲ. ‘ಸಿಕ್ಕಿದ್ರೆ ಬಿಡ್ತೀನಾ? ಓದ ಮ್ಯಾಲೆ ಆ ಊರೋರು ತಿನ್ನೋದ್ನೇ ತಿನ್ನಬೇಕು ಕಣ್ಲಾ. ಇಲ್ಲಾಂದ್ರೆ ಯಾಕ್ ಓಗಬೇಕು?’ ಅಂದುಬಿಟ್ಟೆ. ಮನೆಗೆ ಬಂದರೆ ನನ್ನ ಹೆಂಡತಿ ಕೆಂಪಮ್ಮ ಪುಳಿಯೋಗರೆ ಪುಡಿ, ನಿಂಬೆಕಾಯಿ ಉಪ್ಪಿನಕಾಯಿ ಮತ್ತು ಅಂಗೈಯಗಲದ ಗರಿಗರಿ ತಟ್ಟುವಡೆಗಳನ್ನು ಒಂದು ಪೆಟ್ಟಿಗೆಗೆ ತುಂಬಿ, ಸೀರೆಗಳಿಗೆ ಜಾಗ ಸಾಲದೆ ಯೋಚಿಸುತ್ತಿದ್ದಳು. ಹರೂರಿನ ಆಚೆ ಒಂದು ಹಟ್ಟಿಯಲ್ಲಿ ಕುರಿ ಸಾಕುವವರ ಮನೆ ಅವಳ ತವರು. ಮಾತು ಕಡಿಮೆ. ‘ಇದೆಲ್ಲಾ ಯಾಕೆ? ಅಲ್ಲಿ ಊಟ ಇಲ್ವಾ?’ ಎಂದು ಕೇಳಿದೆ. ‘ನಿಮ್ಗೇ’ ಅಂದಳು. ನನ್ನ ಶೌರ್ಯದ ಬಗ್ಗೆ ಅವಳ ಅಭಿಪ್ರಾಯ ಆ ಒಂದು ಪದದಲ್ಲೇ ಇತ್ತು, ನಾನು ಗಮನಿಸಲಿಲ್ಲ.

ಬ್ಯಾಂಕಾಕಿನಲ್ಲಿ ನಮ್ಮ ಗುಂಪಿನ ಬಸ್ಸು ಬೆಳಿಗ್ಗೆ ಹೊರಟು ಬುದ್ಧನನ್ನು ನೋಡಿ, ಮಧ್ಯಾಹ್ನ ಒಂದು ಇಂಡಿಯನ್ ಹೋಟೆಲಿಗೆ, ಸಾಯಂಕಾಲ ದೋಣಿ ಹತ್ತಿ ಇಳಿದು ಮತ್ತೊಂದು ಇಂಡಿಯನ್ ಹೋಟೆಲಿಗೆ ಹೋಗುತ್ತಿತ್ತು. ಇಡ್ಲಿ, ಸಾಂಬಾರು, ಚಪಾತಿ, ಕುರ್ಮಾ. ಸಮುದ್ರ ದಾಟಿ ಬಂದವನಿಗೆ ಮತ್ತೆ ಸಾಂಬಾರೇ ಎದುರು ಬಂದು ಕುಳಿತರೆ ಹೇಗಾಗಬೇಡ? ಅದರಲ್ಲೂ ಆ ಸಾಂಬಾರು ಓಮಲೂರು ಬಸ್‌ಸ್ಟ್ಯಾಂಡಿನ ಸಾಂಬಾರಿಗಿಂತ ಚೆನ್ನಾಗಿತ್ತು ಎಂಬುದು ಇನ್ನೂ ದೊಡ್ಡ ದುಃಖ, ಏಕೆಂದರೆ ಎರಡು ಸಲ ಹಾಕಿಸಿಕೊಂಡೆ. ಪಕ್ಕದಲ್ಲಿ ಹರೂರಿನ ಡೀಲರ್ ಸೆಲ್ವಂ ಕೂತಿರುತ್ತಿದ್ದ. ಅವನ ಮನೆಯಾಕೆಗೆ ವಿಮಾನ ಅಂದರೆ ಭಯ, ಆದ್ದರಿಂದ ಅವನು ಒಬ್ಬನೇ ಬಂದಿದ್ದ; ಹೆಂಡತಿಯ ಜಾಗದಲ್ಲಿ ಫೋನಿತ್ತು. ಬುದ್ಧ, ಬಸ್ಸು, ಬಚ್ಚಲುಮನೆಯ ನಲ್ಲಿ, ಎಲ್ಲವನ್ನೂ ವೀಡಿಯೊ ತೆಗೆದು ನಮ್ಮ ಡೀಲರುಗಳ ಗ್ರೂಪಿಗೆ ಹಾಕುತ್ತಿದ್ದ. ‘ಅಣ್ಣೇ, ನೀವು ಏನೋ ತಿಂತೀನಿ ಅಂದ್ರಂತೆ? ಊರಲ್ಲಿ ಎಲ್ಲಾ ವೆಯ್ಟ್ ಮಾಡ್ತಾವ್ರೆ’ ಎಂದು ದಿನಾ ಕೆಣಕುತ್ತಿದ್ದ.

ಹೊರಡುವ ಹಿಂದಿನ ಸಂಜೆ ನಮ್ಮನ್ನು ಒಂದು ಬಜಾರಿನಲ್ಲಿ ಬಿಟ್ಟರು. ಬೀದಿಯ ಕೊನೆಯಲ್ಲಿ ಒಂದು ತಳ್ಳುಗಾಡಿ, ಅದರ ಮೇಲೆ ತಟ್ಟೆ ತಟ್ಟೆಯಾಗಿ ಕರಿದ ಹುಳಗಳು. ನಾನು ಬಗ್ಗಿ ನೋಡಿದೆ. ಎಲ್ಲರೂ ಪರಿಚಯದವರೇ! ಹಸಿರು ಮಿಡತೆ, ಮಣ್ಣಿನೊಳಗೆ ಕೂತು ಕಿರ್ ಎನ್ನುವ ಮಿಡತೆ, ಬಿದಿರು ಕೊರೆಯುವ ಬಿಳಿ ಹುಳ, ರೇಷ್ಮೆಗೂಡಿನ ಹುಳ. ನನ್ನ ಅಂಗಡಿಯ ಗೋಡೆಯ ಮೇಲೆ ಕಂಪನಿಯವರು ಕೊಟ್ಟ ಚಾರ್ಟಿದೆ. ಅದರಲ್ಲಿ, ರೇಷ್ಮೆ ಹುಳವೊಂದನ್ನು ಬಿಟ್ಟು, ಇಂಥವರೆಲ್ಲರ ಬಣ್ಣದ ಚಿತ್ರ, ಚಿತ್ರದ ಕೆಳಗೆ ಯಾರಿಗೆ ಯಾವ ಮದ್ದು, ಎಷ್ಟು ನೀರಿಗೆ ಎಷ್ಟು ಮಿಲಿ ಎಂಬ ವಿವರ. ಅದೇ ಚಾರ್ಟನ್ನು ಯಾರೋ ಎಣ್ಣೆಗೆ ಬಿಟ್ಟು ಕರಿದು ಗಾಡಿಯ ಮೇಲೆ ಹರಡಿದ ಹಾಗಿತ್ತು. ಅಷ್ಟರಲ್ಲಿ ಗಾಡಿಯ ಹೆಂಗಸು ಒಂದು ಸ್ಪ್ರೇ ಬಾಟಲ್ ಎತ್ತಿ ಹುಳಗಳ ಮೇಲೆ ಬುಸ್ ಬುಸ್ ಎಂದು ಹೊಡೆದಳು. ನಾನು ಕಸುಬಿನ ಅಭ್ಯಾಸದಿಂದ ಥಟ್ಟನೆ ಹಿಂದೆ ಸರಿದು ಮೂಗು ಮುಚ್ಚಿಕೊಂಡೆ, ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದೂ ನೋಡಿಕೊಂಡೆ. ಅದು ಬರೀ ಸೋಯಾ ಸಾಸು. ರುಚಿಗೆ.

ಸೆಲ್ವಂ ಫೋನ್ ಎತ್ತಿ ಹಿಡಿದ. ‘ಅಣ್ಣೇ, ಸುಮ್ಮಾ ಸಾಪ್ಟು ಪಾರುಂಗ!’ ತಿಂದು ನೋಡಿ ಎಂದು ಅವನು ಕೂಗಿದ್ದಕ್ಕೆ ಗುಂಪಿನವರೆಲ್ಲ ನನ್ನ ಸುತ್ತ ಸೇರಿದರು. ಇನ್ನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಕಾಲು ಕಣ್ಣು ಮೀಸೆಗಳಿಲ್ಲದ, ನೋಡಲು ಶಾವಿಗೆಯ ತುಂಡಿನಂತಿದ್ದ ಬಿದಿರು ಹುಳವೊಂದನ್ನು ಆರಿಸಿ ಬಾಯಿಗಿಟ್ಟೆ. ಅಗಿದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ನಾಲಗೆಗೆ ತಗುಲಿದ್ದೇ ತಡ, ಜನ್ಮವಿಡೀ ರೈತರಿಗೆ ಒಪ್ಪಿಸಿದ ಪಾಠ ತಾನಾಗಿಯೇ ತಲೆಯೊಳಗೆ ಓಡಲಾರಂಭಿಸಿತು: ಇದಕ್ಕೆ ಏನು ಹೊಡೆದಿದ್ದಾರೆ? ಹೊಡೆದು ಎಷ್ಟು ದಿನವಾಯಿತು? ಮದ್ದು ಹೊಡೆದ ಮೇಲೆ ಇಷ್ಟು ದಿನ ಬಿಟ್ಟೇ ಕೊಯ್ಯಬೇಕು ಎಂದು ಬದನೆಕಾಯಿಗೆ ಹೇಳುತ್ತೇವೆ, ಹುಳಕ್ಕೆ ಎಷ್ಟು ದಿನ? ಇದಕ್ಕೆ ಯಾವ ಚಾರ್ಟಿನಲ್ಲೂ ಉತ್ತರವಿಲ್ಲ. ಹುಳ ಕೆನ್ನೆಯೊಳಗೆ ಉಳಿಯಿತು. ನಾನು ಕ್ಯಾಮೆರಾಗೆ ಹೆಬ್ಬೆರಳು ತೋರಿಸಿ, ಬಾಯಿ ತೆರೆಯದೆ ನಕ್ಕು, ಯಾವುದೋ ಕಟ್ಟಡದ ಸೊಬಗನ್ನು ನೋಡಲು ಹೋಗುವವನ ಹಾಗೆ ನಿಧಾನವಾಗಿ ನಡೆದು ಒಂದು ಮರದ ಹಿಂದೆ ನಿಂತು ಕರ್ಚೀಫಿಗೆ ಉಗಿದೆ. ಯಾರೂ ನೋಡಲಿಲ್ಲ ಎಂದು ಖಾತ್ರಿ ಮಾಡಿಕೊಂಡು, ಬಾಯಿ ಒರೆಸಿಕೊಂಡು ಬಂದೆ.

ಬಂದು ನೋಡಿದರೆ ಗುಂಪು ನನ್ನನ್ನು ಮರೆತಿತ್ತು. ಗಾಡಿಯ ಎದುರು ಕೆಂಪಮ್ಮ ನಿಂತಿದ್ದಳು, ಸೆಲ್ವಂನ ಫೋನೂ ಆಗಲೇ ಅವಳ ಕಡೆಗೆ ತಿರುಗಿತ್ತು. ಮೂಲೆಯಲ್ಲಿದ್ದ ಒಂದು ಸಣ್ಣ ತಟ್ಟೆಯ ಮೇಲೆ ಅವಳ ಕಣ್ಣು ನೆಟ್ಟಿತ್ತು.

‘ಏನೇ ಅದು?’ ಅಂದೆ.

‘ಈಸ್ಲು’ ಅಂದಳು.

ಮಳೆ ಬಿದ್ದ ಮೇಲೆ ಗೆದ್ದಲ ಹುತ್ತದಿಂದ ರೆಕ್ಕೆ ಕಟ್ಟಿಕೊಂಡು ಏಳುತ್ತವಲ್ಲ, ದೀಪಕ್ಕೆ ಬಂದು ಮುತ್ತುತ್ತವಲ್ಲ, ಆ ಈಸಲು. ರೆಕ್ಕೆ ಉದುರಿಸಿ, ಹುರಿದು, ಎಳ್ಳಿನ ಹಾಗೆ ಗುಡ್ಡೆ ಹಾಕಿದ್ದರು. ಕೆಂಪಮ್ಮ ಆ ಹೆಂಗಸನ್ನು ನಮ್ಮ ಸಂತೆಯಲ್ಲಿ ಕೇಳುವ ಹಾಗೆಯೇ ಕೇಳಿದಳು: ‘ಏನಮ್ಮಾ, ಚೆನ್ನಾಗ್ ಕೇರಿದೀಯಾ? ಮಣ್ಣುಗಿಣ್ಣು ಇಲ್ಲ ತಾನೇ?’ ಆ ಹೆಂಗಸು ತನ್ನ ಭಾಷೆಯಲ್ಲಿ ಉದ್ದವಾಗಿ ಏನೋ ಹೇಳಿ, ಅಂಗೈಯಲ್ಲಿ ಸ್ವಲ್ಪ ತೆಗೆದು ಊದಿ ತೋರಿಸಿದಳು. ‘ಅಂಗಾದ್ರೆ ಸರಿ’ ಎಂದಳು ಇವಳು. ಇಬ್ಬರಿಗೂ ಅನುವಾದ ಬೇಕಾಗಲಿಲ್ಲ. ಕೆಂಪಮ್ಮ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಅಗಿದಳು, ನಿಂತಳು, ಮತ್ತೊಂದು ಹಿಡಿ ತೆಗೆದುಕೊಂಡಳು. ಆಮೇಲೆ ನಕ್ಕಳು. ಮದುವೆಯಾದಂದಿನಿಂದ ಅವಳ ನಗು ನೋಡಿದ್ದೇನೆ, ಇಲ್ಲವೆನ್ನಲಾರೆ. ಆದರೆ ಇದು ನಮ್ಮ ಮನೆಗೆ ಬರುವುದಕ್ಕೆ ಮುಂಚಿನ ನಗು, ನನಗೆ ಹೊಸದು. ‘ಅಣ್ಣಿ ಸೂಪರ್!’ ಎಂದು ಅತ್ತಿಗೆಯನ್ನು ಹೊಗಳುತ್ತ ಸೆಲ್ವಂ ಫೋನ್ ಹಿಡಿದು ಕುಣಿದ. ಗಾಡಿಯವಳು ಕಾಗದದ ಪೊಟ್ಟಣ ಕಟ್ಟಿಕೊಟ್ಟಳು. ಕೆಂಪಮ್ಮ ಅದನ್ನು ಸೆರಗಿನ ಕೆಳಗೆ ಹಿಡಿದುಕೊಂಡು, ಬಸ್ಸಿಗೆ ನಡೆಯುವ ದಾರಿಯುದ್ದಕ್ಕೂ ಕಡಲೆಪುರಿ ತಿನ್ನುವವಳ ಹಾಗೆ ತಿಂದಳು.

ನನಗೆ ಅಪಾಯ ಹೊಳೆದದ್ದು ಬಸ್ಸಿನಲ್ಲಿ ಕೂತ ಮೇಲೆ. ಸೆಲ್ವಂ ವೀಡಿಯೊವನ್ನು ಗ್ರೂಪಿಗೆ ಹಾಕಿಯಾಗಿತ್ತು, ಮತ್ತು ಆ ಗ್ರೂಪಿನಲ್ಲಿ ನನ್ನ ಅಳಿಯನೂ ಇದ್ದಾನೆ. ತಾರಮಂಗಲಂನಲ್ಲಿ ಅವನದು ಬೀಜದ ಅಂಗಡಿ. ಅಳಿಯನಿಗೆ ನಾನು ಹೆದರುವುದಿಲ್ಲ. ಅವನ ತಾಯಿ, ಅಂದರೆ ನಮ್ಮ ಬೀಗಿತ್ತಿ, ಬೇರೆ ಜಾತಿಯ ಹೆಂಗಸು. ಜಾತಿ ಎಂದರೆ ಕುಲವಲ್ಲ, ಸ್ವಭಾವ. ಯಾರ ಮನೆಗೆ ಹೋದರೂ ಲೋಟವನ್ನು ಬೆಳಕಿಗೆ ಹಿಡಿದು ನೋಡಿಯೇ ನೀರು ಕುಡಿಯುವವರು. ನಿಶ್ಚಿತಾರ್ಥದ ದಿನ ನಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತು ಒಂದು ಸಲ ಉಸಿರು ಬಿಟ್ಟಿದ್ದರು. ಅದರ ಅರ್ಥವನ್ನು ನಾವು ಇವತ್ತಿಗೂ ಹುಡುಕುತ್ತಿದ್ದೇವೆ. ಮಗಳಿಗೆ ಆಗ ಏಳನೇ ತಿಂಗಳು. ಊರಿಗೆ ಹೋದ ತಕ್ಷಣ ಬಳೆ ತೊಡಿಸುವ ಶಾಸ್ತ್ರ ಮಾಡಿ ಮನೆಗೆ ಕರೆದುತರಬೇಕು. ಹುಳ ತಿನ್ನುವವರ ಮನೆಗೆ ಸೊಸೆಯನ್ನು ಬಾಣಂತನಕ್ಕೆ ಕಳಿಸುವುದಿಲ್ಲ ಎಂದುಬಿಟ್ಟರೆ?

‘ಎಲ್ಲಾರ ಮುಂದೆ ಬೇಕಿತ್ತಾ ಇದು?’ ಎಂದು ಕೆಂಪಮ್ಮನ ಕಿವಿಯಲ್ಲಿ ಗದರಿದೆ. ‘ಮರ್ಯಾದೆ ಓಗ್ಲಿಲ್ವಾ?’

ಅವಳು ಪೊಟ್ಟಣದೊಳಗೆ ಬೆರಳಾಡಿಸುತ್ತ, ‘ನೀವ್ ತಿಂದ್ರೆ ಧೈರ್ಯ, ನಾ ತಿಂದ್ರೆ ಅಸಿಂಗವಾ, ಗಲೀಜಾ?’ ಎಂದಳು.

ನಾನು ತಿಂದೇ ಇಲ್ಲ ಎಂದು ಹೇಳಿಬಿಡಬಹುದಿತ್ತು. ಅದನ್ನು ಹೇಳುವ ಹೊತ್ತಲ್ಲ ಅದು. ಸ್ವಲ್ಪ ದೂರ ಹೋದ ಮೇಲೆ ಅವಳೇ ಕಿಟಕಿಯ ಕಡೆ ನೋಡುತ್ತ ಮಾತಾಡಿದಳು. ‘ನಮ್ಮಟ್ಟೀಲಿ ಮಳೆ ಬಿದ್ದ ಸಂಜೆ ಎಲ್ಲಾ ಉತ್ತದ ತಾವ ಓಗೋದು. ಅಪ್ಪ ಉತ್ತದ ಮ್ಯಾಲೆ ಕಂಬಳಿ ಆಕಿ, ಬಾಯ್ತಾವ ದೀಪ ಇಟ್ಟು, ಕೆಳಗೆ ಗಡಿಗೆ ಊಳೋನು. ಬಾಣ್ಲೀಲಿ ಉರ್ದು, ಪುರಿ ಕಲಸ್ಕೊಂಡು ಮಳೆ ನಿಲ್ಲೋಗಂಟ ತಿನ್ನೋದು. ಮದ್ವೆಯಾಗಿ ಓಮಲೂರಿಗೆ ಬಂದ ವರ್ಷ ಮಳೆ ಬಂತು, ಬೀದಿ ದೀಪದ ಕೆಳಗೆ ಈಸ್ಲು ಬಿದ್ದಿತ್ತು. ನಾ ಮೊರ ತಕೊಂಡು ಓಡಿದೆ. ನಿಮ್ಮವ್ವ ನೋಡಿ, ಇದೇನ್ ಕೋಳಿಗೂಡು ಅಂದ್ಕೊಂಡಿದೀಯಾ ಅಂದ್ರು. ಅಷ್ಟೇ. ಆಮ್ಯಾಕೆ ನಾ ಅದ್ರ ಎಸ್ರೇ ಎತ್ತಲಿಲ್ಲ.’

‘ಈಗ ತವರಿಗೆ ಓದಾಗ ತಿನ್ನಬೌದಲ್ಲ?’ ಎಂದೆ, ಸಮಾಧಾನಕ್ಕೆ.

‘ಎಲ್ಲೈತೆ? ಎಲ್ಲಾ ಉತ್ತಕ್ಕೂ ಮದ್ದು ಉಯ್ದ್ರೆ ಎಲ್ಲಿಂದ ಬರ್ತಾವೆ?’

ದೂರುವ ದನಿಯೇನಲ್ಲ. ಹವಾಮಾನದ ಬಗ್ಗೆ ಹೇಳುವ ಹಾಗೆ ಹೇಳಿದಳು. ಆ ಮದ್ದಿನ ದುಡಿಮೆಯಲ್ಲೇ ಬಂದ ಬಸ್ಸಿನ ಮೆತ್ತನೆಯ ಸೀಟು ನನಗೆ ಯಾಕೋ ಒತ್ತತೊಡಗಿತು. ಗೆದ್ದಲು ಕಡಲೆಕಾಯಿ ತಿಂದರೆ ರೈತ ಏನು ತಿನ್ನಬೇಕು ಎಂದು ಕೇಳೋಣವೆಂದುಕೊಂಡೆ. ಅದು ನ್ಯಾಯವಾದ ಪ್ರಶ್ನೆಯೇ. ಆದರೆ ಅವಳು ಹೇಳುತ್ತಿದ್ದುದು ಹೊಲದ ಬದುವಿನ ಮೇಲೆ ತನ್ನ ಪಾಡಿಗೆ ತಾನಿರುವ ಹುತ್ತದ ಮಾತು. ಅಂಥ ಹುತ್ತಕ್ಕೂ ‘ಯಾತಕ್ಕೂ ಇರಲಿ, ಒಂದು ಡಬ್ಬ ಉಯ್ದುಬಿಡಿ’ ಎಂದು ಸಲಹೆ ಕೊಡುವವನು ಯಾರು ಎಂದು ಅವಳಿಗೂ ಗೊತ್ತು, ನನಗೂ ಗೊತ್ತು.

ಮರುದಿನ ಬೆಳಿಗ್ಗೆ ಇಡ್ಲಿಯ ಮುಂದೆ ಕೂತಿದ್ದಾಗ ಫೋನ್ ಬಂತು. ಬೀಗಿತ್ತಿ! ನಾನು ಎದ್ದು ನಿಂತೇ ಎತ್ತಿದೆ. ‘ಅಕ್ಕನ್ ಕೈಗೆ ಕೊಡಿ’ ಅಂದರು, ಅಷ್ಟೇ. ನಾನು ಕೊಟ್ಟೆ, ಕೊಡುವಾಗ ಸ್ಪೀಕರ್ ಒತ್ತಿದೆ. ಬೈಗುಳ ಬಂದರೆ ಇಬ್ಬರೂ ಹಂಚಿಕೊಳ್ಳೋಣ ಎಂಬ ಧರ್ಮಬುದ್ಧಿಯಿಂದ. ಆ ಕಡೆಯಿಂದ ಬಾಗಿಲು ಮುಚ್ಚಿದ ಶಬ್ದ ಕೇಳಿಸಿತು. ಆಮೇಲೆ ಪಿಸುಮಾತು.

‘ಅಕ್ಕಾ, ಅದು ಈಸ್ಲು ತಾನೇ?’

‘ಊಂ ಕಣಮ್ಮಾ’ ಅಂದಳು ಕೆಂಪಮ್ಮ.

‘ನಂಗೆ ನೋಡಿದ್ ತಕ್ಷಣ ತಿಳೀತು. ನೀವ್ ಅಗಿಯೋದ್ ನೋಡಿ ಬಾಯಲ್ಲಿ ನೀರು ಬಂತಕ್ಕಾ. ನಮ್ಮವ್ವ ಅಕ್ಕಿ ಉರ್ದು, ಬೆಲ್ಲ ಆಕಿ ಕೊಡೋಳು. ಇಲ್ಲಿ ನಮ್ಮತ್ತೆ ಇರೋಗಂಟ ಬಾಯ್ ಬಿಡೋಂಗಿರಲಿಲ್ಲ, ಈಗ ಸೊಸೆ ಮುಂದೆ ಬಾಯ್ ಬಿಡೋಂಗಿಲ್ಲ. ಎಂಗಿತ್ತು? ನಮ್ಮದರಂಗೇ ಇತ್ತಾ?’

‘ಅಂಗೇ ಇತ್ತು. ಸ್ವಲ್ಪ ಎಣ್ಣೆ ಜಾಸ್ತಿ.’

‘ಒಂದ್ ಇಡಿ ತರೋಕಾಗುತ್ತಾ? ಏರ್‌ಪೋರ್ಟಲ್ಲಿ ಬಿಡ್ತಾರಾ?’

ಇಬ್ಬರೂ ನಗಲಾರಂಭಿಸಿದರು. ಲೋಟವನ್ನು ಬೆಳಕಿಗೆ ಹಿಡಿಯುವ ಬೀಗಿತ್ತಿ ಹೀಗೆ ಮುಸಿಮುಸಿ ನಗುತ್ತಾರೆ ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ನಾನು ನಿಶ್ಚಿಂತೆಯಿಂದ ಇಡ್ಲಿಯ ಕಡೆ ಕೈ ಚಾಚಿದೆ. ಆಗ ಫೋನಿನ ದನಿ ಮತ್ತೆ ತಗ್ಗಿತು. ‘ಅದಿರಲಿ ಅಕ್ಕಾ. ವೀಡಿಯೊ ಶುರುವಾಗೋವಾಗ ಇಂದೆ ಒಂದ್ ಮರ ಐತಲ್ಲ, ಅಲ್ಲಿ ಅಣ್ಣಯ್ಯ ಯಾಕೆ ಕರ್ಚೀಫ್‌ಗೆ ಉಗೀತಾ ನಿಂತವ್ರೆ? ಮೈ ಸರಿ ಇಲ್ವಾ? ವಯಸ್ಸಾಯ್ತು, ಊರಿಗೆ ಬಂದ್ ತಕ್ಷಣ ಡಾಕ್ಟರ್‌ಗೆ ತೋರ್ಸಿ.’

ಕೆಂಪಮ್ಮ ನನ್ನ ಮುಖ ನೋಡಿದಳು. ನಾನು ಸಾಂಬಾರು ನೋಡಿದೆ. ಸೆಲ್ವಂನ ಫೋನ್ ಇಸಿದುಕೊಂಡು ವೀಡಿಯೊ ಹಾಕಿಸಿದೆ. ಅವಳು ತಿನ್ನುವುದಕ್ಕೂ ಮುಂಚೆಯೇ ಅದು ಶುರುವಾಗಿತ್ತು: ಮುಂದೆ ಕೆಂಪಮ್ಮ ಮಹಾರಾಣಿಯಂತೆ ಗಾಡಿಯ ತಟ್ಟೆಗಳನ್ನು ನೋಡುತ್ತಿದ್ದಾಳೆ. ಅವಳ ಎಡ ಭುಜದ ಪಕ್ಕದಲ್ಲಿ, ಮರದ ಹಿಂದೆ ಅಡಗಿದ್ದೇನೆಂದು ನಾನು ನಂಬಿದ್ದ ಜಾಗದಲ್ಲಿ, ನಾನು ಪೂರ್ತಿಯಾಗಿ ಕಾಣಿಸುತ್ತಿದ್ದೇನೆ. ಮರ ಬಹಳ ಸಣ್ಣದು. ನೋಡನೋಡುತ್ತಿದ್ದಂತೆ ಗ್ರೂಪಿನಲ್ಲಿ ಯಾರೋ ನನ್ನ ಸುತ್ತ ಕೆಂಪು ಗೆರೆಯನ್ನೂ ಎಳೆದು ಕಳಿಸಿದರು.

ಊರಿಗೆ ಬಂದ ಮೇಲೆ ಬಳೆ ಶಾಸ್ತ್ರ ಸಾಂಗವಾಗಿ ನಡೆಯಿತು. ಬೀಗಿತ್ತಿ ನಮ್ಮ ಅಡಿಗೆಮನೆಗೆ ನೇರವಾಗಿ ಒಳಗೇ ಹೋಗಿ ಕೆಂಪಮ್ಮನ ಜೊತೆ ಕೂತರು. ನಾನು ಟೀ ಅಂಗಡಿಯ ಕಡೆಗೆ ಹೋಗುವುದನ್ನು ಬಹಳ ದಿನ ಬಿಟ್ಟಿದ್ದೆ. ಅಂಗಡಿಗೆ ಬಂದ ಗಿರಾಕಿಗಳೂ ಪ್ರವಾಸದ ವಿಚಾರ ಕೇಳುವುದಿದ್ದರೆ ನನ್ನ ತಲೆಯ ಮೇಲಿಂದ ಒಳಗೆ ಇಣುಕಿ ‘ಅಕ್ಕ ಇಲ್ವಾ?’ ಎನ್ನುತ್ತಿದ್ದರು. ಮಧ್ಯಾಹ್ನ ನಾನು ಊಟ ಮಾಡಿ ಸ್ವಲ್ಪ ಒರಗುವ ಹೊತ್ತಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವಳು ಅವಳೇ. ಒಂದು ದಿನ ಒರಗಿದ್ದಲ್ಲೇ ಕಿವಿಗೆ ಬಿತ್ತು, ಚಿನ್ನಪ್ಪ ಎಂಬ ರೈತ ಗೆದ್ದಲಿನ ಮದ್ದು ಕೇಳುತ್ತಿದ್ದ.

‘ಯಾತಕ್ಕಣ್ಣಾ? ಕಡ್ಲೆಕಾಯ್ ಒಲಕ್ಕಾ?’ ಎಂದಳು ಕೆಂಪಮ್ಮ.

‘ಇಲ್ಲಕ್ಕಾ, ಬದೀಲಿ ಒಂದ್ ಉತ್ತ ಐತೆ. ಉಯ್ದುಬಿಡವಾ ಅಂತ.’

‘ಒಲಕ್ಕಾದ್ರೆ ಐತೆ. ಉತ್ತಕ್ಕಾದ್ರೆ ಸ್ಟಾಕ್ ಇಲ್ಲ.’

ಅವಳ ಬೆನ್ನ ಹಿಂದೆ ಮದ್ದಿನ ಡಬ್ಬಗಳು ಸೂರಿನವರೆಗೆ ಜೋಡಿಸಿದ್ದವು. ಚಿನ್ನಪ್ಪ ಡಬ್ಬಗಳನ್ನು ನೋಡಿದ, ಅವಳನ್ನು ನೋಡಿದ, ಸರಿ ಎಂದು ಹೊರಟುಹೋದ. ಎದ್ದು ಬಂದು ಏನಾದರೂ ಹೇಳಬೇಕಾದ ಯಜಮಾನ ನಾನು. ಕಣ್ಣು ಮುಚ್ಚಿಕೊಂಡು ನಿದ್ದೆ ಬಂದವನ ಹಾಗೆ ಉಸಿರಾಡಿದೆ. ಇದು ಬರಬರುತ್ತ ಅಂಗಡಿಯ ಕಾನೂನಾಯಿತು. ಕಂಪನಿಯ ಆಫೀಸರ್ ಬಂದು ಸೇಲ್ಸ್ ಬಿದ್ದಿದೆಯಲ್ಲ ಸಾರ್, ಏನು ಸಮಾಚಾರ ಎಂದು ವಿಚಾರಿಸಿದಾಗ ‘ಈ ವರ್ಷ ಗೆದ್ದಲಿಗೇ ಉತ್ಸಾಹ ಇಲ್ಲ’ ಎಂದು ಜಾರಿಕೊಂಡೆ. ಮುಂದಿನ ಪ್ರವಾಸಕ್ಕೆ ಸೆಲ್ವಂ ಹೋಗುತ್ತಾನಂತೆ. ಹೋಗಲಿ, ಫೋನಿಗೂ ಗಾಳಿ ಬದಲಾವಣೆ ಬೇಕು.

ದೀಪಾವಳಿಗೆ ಮುಂಚೆ ಒಂದು ಸಂಜೆ ಜೋರು ಮಳೆ ಬಂದು ನಿಂತಿತು. ಮಗಳು ಕೂಸಿನೊಂದಿಗೆ ಒಳಗಿದ್ದಳು. ಮೊಮ್ಮಗನನ್ನು ನೋಡಲು ಬಂದಿದ್ದ ಬೀಗಿತ್ತಿ ಜಗಲಿಯ ಮೇಲೆ ಕೂತಿದ್ದರು. ಚಿನ್ನಪ್ಪ ತಲೆಗೆ ಗೊಬ್ಬರದ ಚೀಲ ಹೊದ್ದುಕೊಂಡು ಬಂದು ಈಸಲು ತುಂಬಿದ ಒಂದು ಊಟದ ಡಬ್ಬ ಇಟ್ಟ. ‘ಉತ್ತ ಒಡೀತಕ್ಕಾ. ನೀವ್ ಮದ್ದು ಕೊಟ್ಟಿದ್ರೆ ಇದೆಲ್ಲಿ ಬರ್ತಿತ್ತು?’ ಎಂದು ನಕ್ಕು ಹೋದ. ಹೆಂಗಸರಿಬ್ಬರೂ ಎದ್ದರು. ಬಾಣಲೆ ಇಟ್ಟು ಹುರಿದು, ಮೊರದಲ್ಲಿ ಕೇರಿ, ರೆಕ್ಕೆ ಹಾರಿಸಿ, ಪುರಿಯ ಜೊತೆ ಕಲಸಿಕೊಂಡು ಜಗಲಿಯ ಮೇಲೆ ಎದುರು ಬದುರು ಕೂತು ತಿನ್ನತೊಡಗಿದರು. ಹುರಿದ ವಾಸನೆ ಅಂಗಡಿಯ ಔಷಧಿಯ ವಾಸನೆಯನ್ನು ದಾಟಿ ನನ್ನವರೆಗೆ ಬಂತು. ನಾನು ಕೆಲಸವಿಲ್ಲದೆ ಎರಡು ಸಲ ಜಗಲಿಯ ಮುಂದೆ ಓಡಾಡಿದೆ. ಯಾರೂ ಕರೆಯಲಿಲ್ಲ. ಮೂರನೆಯ ಸಲಕ್ಕೆ ಕೆಂಪಮ್ಮ, ‘ಬ್ಯಾಡ ಬಿಡ್ರಿ, ಇಲ್ಲಿ ಮರ ಇಲ್ಲ’ ಎಂದಳು. ಬೀಗಿತ್ತಿ ಸೆರಗು ಬಾಯಿಗಿಟ್ಟುಕೊಂಡರು. ನಾನು ಕೂತೇಬಿಟ್ಟೆ. ಅವಳು ಒಂದು ಹಿಡಿ ನನ್ನ ಅಂಗೈಗೆ ಸುರಿದಳು. ಬಾಯಿಗೆ ಹಾಕಿಕೊಂಡು ಈ ಸಲ ಅಗಿದೆ. ಗರಿಗರಿಯಾಗಿ, ಹುರಿದ ಕಡಲೆಕಾಯಿಯ ಹಾಗೆ, ಅದಕ್ಕಿಂತ ಒಂದು ಕೈ ಮೇಲಾಗಿ ಇತ್ತು.

‘ಎಂಗೈತೆ?’ ಎಂದು ಇಬ್ಬರೂ ಒಟ್ಟಿಗೆ ಕೇಳಿದರು.

ಇಷ್ಟೆಲ್ಲ ಆದ ಮೇಲೆ ಗಂಡಸಾದವನು ಒಂದೇ ಏಟಿಗೆ ಸೋತುಬಿಡಬಾರದು. ‘ಉಪ್ಪು ಒಂದ್ ಚೂರು ಕಮ್ಮಿ’ ಎಂದೆ, ಗಂಭೀರವಾಗಿ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಣ್ಣು ಕೆಳಗೆ ಹಾಯಿಸಿದರು. ಅವರ ಕಣ್ಣು ಎಲ್ಲಿಗೆ ಹೋಯಿತು ಎಂದು ನಾನೂ ಕೆಳಗೆ ನೋಡಿದೆ. ನನ್ನ ಕೈ ಆಗಲೇ ಮೊರದೊಳಗಿತ್ತು.